ಕ್ಯಾಲ್ಸಿಯಂ ಇಳಿದ ದಿನ

ಆರು ತಿಂಗಳಿಂದ ಅಮ್ಮನದು ಬರೀ ಅರಳುಮರಳು ಎಂದೇ ಎಲ್ಲರೂ ತಿಳಿದಿದ್ದರು. ರಕ್ತ ಪರೀಕ್ಷೆ ಮಾಡಿಸಿದಾಗ ಕ್ಯಾಲ್ಸಿಯಂ ವಿಪರೀತ ಏರಿ, ಫಾಸ್ಫೇಟ್ ಕುಸಿದಿರುವುದು ಗೊತ್ತಾಯಿತು. ಮರೆವಿಗೆ ಅದೇ ಕಾರಣವೆಂದು, ಕ್ಯಾಲ್ಸಿಯಂ ಏರಿಸುತ್ತಿದ್ದ, ಕತ್ತಿನಲ್ಲಿ ಊದಿಕೊಂಡಿದ್ದ ಪುಟ್ಟ ಗ್ರಂಥಿಯೊಂದನ್ನು ಆಪರೇಷನ್ ಮಾಡಿ ತೆಗೆದರು.

"ಕ್ಯಾಲ್ಸಿಯಂ ಇಳಿದಿದೆ. ನಿಮ್ಮ ತಾಯಿ ಈಗ ಸರಿಯಾಗಿ ಮಾತಾಡ್ತಿದ್ದಾರೆ, ಹೋಗಿ ನೋಡಿ" ಎಂದರು ಡಾಕ್ಟರು ನಗುತ್ತಾ.

ವಾರಿಜಾಗೆ ನಗಲಾಗಲಿಲ್ಲ. ವಾರ್ಡಿನ ಬಾಗಿಲವರೆಗೆ ಹೋಗಿ ಮೂರು ಸಲ ಹಿಂತಿರುಗಿದಳು. ಅಪ್ಪ ತೀರಿಕೊಂಡು ಎರಡು ತಿಂಗಳಾಗಿತ್ತು. ಅಮ್ಮ ಕೇಳಿದಾಗಲೆಲ್ಲ "ಪೇಟೆಗೆ ಹೋಗಿದ್ದಾರೆ" ಎನ್ನುತ್ತಿದ್ದಳು. ಅಮ್ಮ ಮರೆತು ಮತ್ತೆ ಕೇಳುತ್ತಿದ್ದುದರಿಂದ ಆ ಸುಳ್ಳು ಹೇಗೋ ನಡೆದಿತ್ತು. ಇನ್ನು ನಡೆಯುವಂತಿರಲಿಲ್ಲ.

ಕೊನೆಗೆ ಒಳಗೆ ಹೋದಳು. ಅಮ್ಮ ದಿಂಬಿಗೊರಗಿ ಕೂತಿದ್ದಳು. ಕಣ್ಣು ತಿಳಿಯಾಗಿತ್ತು.

"ವಾರಿಜಾ, ಎಷ್ಟು ಸೊರಗಿದ್ದೀಯೇ!"

ಅಮ್ಮ ಹೆಸರು ಹಿಡಿದು ಕರೆದು ಎಷ್ಟೋ ದಿನವಾಗಿತ್ತು. ವಾರಿಜಾ ಮಂಚದ ಕಂಬಿ ಹಿಡಿದುಕೊಂಡಳು.

"ಅಮ್ಮಾ, ಅಪ್ಪ..."

ಅಮ್ಮ ಅವಳ ಕೈಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು.

"ಇನ್ನು ಮೇಲೆ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಒಬ್ಬಳೇ ಅಳಬೇಡ ಮಗಳೇ. ಅವರಿಗಾಗಿ ನಾನೂ ಅಳಬೇಕು."