ಗೆಳೆಯನ ನಿದ್ದೆ

ಒಬ್ಬರ ನಿದ್ದೆಯನ್ನು ಮತ್ತೊಬ್ಬರು ಮಾಡಿಕೊಡುವುದು ನಮ್ಮಲ್ಲಿ ಹೊಸದಲ್ಲ. ಬಾಣಂತಿಯ ನಿದ್ದೆಯನ್ನು ಅವಳ ತಾಯಿ ಮಾಡುತ್ತಾಳೆ. ಆದರೆ ಪರೀಕ್ಷೆಯ ತಿಂಗಳಲ್ಲಿ ವಿದ್ಯಾರ್ಥಿಗಳಿಗೆ ಅದು ನಿಷಿದ್ಧ. ಸಿಕ್ಕಿಬಿದ್ದವರು ಪರೀಕ್ಷೆಗೆ ಕೂರುವಂತಿಲ್ಲ.

ಆ ಬೆಳಿಗ್ಗೆ ಹಾಸ್ಟೆಲ್ ವಾರ್ಡನ್ ಇಬ್ಬರನ್ನು ತಂದು ವಿದ್ಯಾರ್ಥಿ ಕ್ಷೇಮಾಧಿಕಾರಿ ಗುರುಪಾದಯ್ಯನವರ ಮುಂದೆ ನಿಲ್ಲಿಸಿದರು. ಒಬ್ಬ, ಎಂಟು ದಿನ ಕಣ್ಣು ಮುಚ್ಚದೆ ಓದಿದ ಕಲ್ಲಿನಾಥ. ಇನ್ನೊಬ್ಬ, ಅವನ ಪಾಲಿನದನ್ನೂ ಸೇರಿಸಿ ಮಲಗಿದ ಈರಪ್ಪ.

“ನಾಳೆ ಪರೀಕ್ಷಾ ಐತ್ರಿ ಸರ. ಇವನ ತಪ್ಪಿಲ್ಲ, ನಾನ ಕೇಳಿದ್ದೆ,” ಎಂದು ಕಲ್ಲಿನಾಥ ಕೈಮುಗಿದ.

“ಅಂವಗ ಓದು ಬರತೈತಿ, ನನಗ ನಿದ್ದಿ ಬರತೈತ್ರಿ,” ಎಂದು ಈರಪ್ಪ ಆಕಳಿಸಿದ.

ಗುರುಪಾದಯ್ಯನವರು ನಗು ತಡೆದುಕೊಂಡು, “ಬೇರಿನ ನೀರು ಎಲಿಗೆ ಏರೋದು ಹೆಂಗ?” ಎಂದು ಕಲ್ಲಿನಾಥನನ್ನು ಕೇಳಿದರು. ಅವನು ತಡವರಿಸಿದ. ಈರಪ್ಪ ಮಾತ್ರ ಥಟ್ಟನೆ ಉತ್ತರ ಹೇಳಿ, ಪುಟದ ಸಂಖ್ಯೆಯನ್ನೂ ಹೇಳಿದ.

“ನೀ ಪುಸ್ತಕಾನ ತೆರದಿಲ್ಲಲ್ಲೋ!” ಎಂದರು ವಾರ್ಡನ್.

“ಕನಸಿನಾಗ ಬಂತ್ರಿ.”

ಕಲ್ಲಿನಾಥ ಅಳತೊಡಗಿದ. ಎಂಟು ದಿನದ ಓದೆಲ್ಲ ಗೆಳೆಯನ ಕನಸಿಗೆ ಹೋಗಿತ್ತು.

“ಅಳಬ್ಯಾಡ. ನಮ್ಮನಿಯಾಕಿನೂ ಒಮ್ಮೆ ನನ್ನ ನಿದ್ದಿ ಮಾಡಿದ್ಲು,” ಎಂದರು ಗುರುಪಾದಯ್ಯನವರು. “ಕಡೀಗೆ ದಾರಿ ತೋರಿಸಿದಾಕಿನೂ ಆಕಿನ. ಶಿವನ ಪಾದದಾಗ ಸುಖವಾಗಿರ್ಲಿ.”

ಅವರು ಆದೇಶ ಬರೆದರು: ಈರಪ್ಪ ಅದೇ ಪುಸ್ತಕವನ್ನು ಮೊದಲಿನಿಂದ ಓದಬೇಕು; ಅವನ ನಿದ್ದೆಯನ್ನು ಕಲ್ಲಿನಾಥ ಮಾಡಬೇಕು; ನಾಳೆ ಇಬ್ಬರೂ ಪರೀಕ್ಷೆಗೆ ಕೂರಬೇಕು.

“ಸರ, ನಿಯಮ?” ಎಂದರು ವಾರ್ಡನ್.

“ಇದು ಶಿಕ್ಷಾರೀ.”

ಕಲ್ಲಿನಾಥ ಅವರ ಕಾಲಿಗೆ ಬಿದ್ದ. ಈರಪ್ಪನ ಆಕಳಿಕೆ ಅರ್ಧಕ್ಕೇ ನಿಂತಿತು.

“ಅಷ್ಟೂ ಓದಬೇಕೇನ್ರಿ ಸರ? ಎಚ್ಚರಿದ್ದು?”