ಉಳಿದ ಆಸೆ

ಅಪ್ಪನ ಹತ್ತನೆಯ ದಿನದ ಪಿಂಡವನ್ನು ಮಗ ಪಾರ್ಕಿನ ಕಲ್ಲುಬೆಂಚಿನ ಪಕ್ಕ ಬಾಳೆಲೆಯ ಮೇಲಿಟ್ಟು ದೂರ ಸರಿದು ನಿಂತ. ಅಪ್ಪ ದಿನಾ ಬೆಳಿಗ್ಗೆ ಕೂತು ಪೇಪರ್ ಓದುತ್ತಿದ್ದ ಬೆಂಚು ಅದು. ಅದರ ಮೇಲೆ ಹಕ್ಕಿ ಹಿಕ್ಕೆಯ ಒಂದು ಕಲೆಯೂ ಇರಲಿಲ್ಲ.

ಪಿಂಡ ಮುಟ್ಟಲು ಕಾಗೆ ಬರಲಿಲ್ಲ. “ಕಾ, ಕಾ” ಎಂದು ಮಗ ಕೂಗಿದ. ಎದುರಿನ ಅಪಾರ್ಟ್‌ಮೆಂಟಿನ ಗೋಡೆಗೆ ತಾಗಿ ಅವನ ದನಿಯೇ ಅವನಿಗೆ ವಾಪಸ್ ಬಂತು. ಅಷ್ಟೊಂದು ಮರಗಳಿದ್ದೂ ಎಲ್ಲಿಂದಲೂ ಒಂದು ರೆಕ್ಕೆಯ ಸದ್ದಿಲ್ಲ.

“ಅವರಿಗೆ ಏನೋ ಆಸೆ ಉಳಿದುಬಿಟ್ಟಿದೆ, ಅದಕ್ಕೇ ಕಾಗೆ ಬರ್ತಿಲ್ಲ,” ಎಂದರು ಶಾಸ್ತ್ರಿಗಳು. “ನಡೆಸಿಕೊಡ್ತೀನಿ ಅಂತ ಬಾಯಿ ಬಿಟ್ಟು ಹೇಳಪ್ಪ.”

ಮಗ ಕೈ ಮುಗಿದ. “ಅಪ್ಪಾ, ತಂಗಿ ಮದುವೆ ನಾನೇ ಮುಂದೆ ನಿಂತು ಮಾಡ್ತೀನಿ.”

ಬರಲಿಲ್ಲ.

“ಚಿಕ್ಕಪ್ಪನ ಜೊತೆ ಮಾತು ಬಿಟ್ಟಿದ್ದು ಸಾಕು. ನಾನೇ ಅವರ ಮನೆಗೆ ಹೋಗ್ತೀನಿ.”

ಪಿಂಡ ಬಿಸಿಲಿಗೆ ಒಣಗಿ ಬಿರುಕು ಬಿಡತೊಡಗಿತು.

“ಅಮ್ಮನ್ನ ಚೆನ್ನಾಗಿ ನೋಡ್ಕೋತೀನಿ ಅಪ್ಪಾ. ಇನ್ನೇನು ಬೇಕು ನಿನಗೆ?” ಅವನು ತಾಯಿಯ ಕಡೆ ತಿರುಗಿದ. “ಅಮ್ಮಾ, ನೀನಾದ್ರೂ ಹೇಳು. ಅಪ್ಪಂಗೆ ಯಾವ ಆಸೆ ಉಳಿದಿದೆ?”

ಅಷ್ಟು ಹೊತ್ತೂ ಖಾಲಿ ಕೊಂಬೆಗಳನ್ನೇ ನೋಡುತ್ತಿದ್ದ ತಾಯಿ ಕಣ್ಣು ಕೆಳಗಿಳಿಸಲಿಲ್ಲ.

“ಉಳಿದಿಲ್ಲ ಕಣೋ. ಬೆಂಚೆಲ್ಲ ಗಲೀಜು ಮಾಡ್ತವೆ, ಈ ಪಾರ್ಕಲ್ಲಿ ಒಂದು ಕಾಗೇನೂ ಇರಬಾರದು ಅಂತ ಎದುರಿಗೇ ನಿಂತು ಗೂಡೆಲ್ಲ ಕೀಳಿಸಿದ್ರಲ್ಲ, ಆ ಆಸೆ ಈಡೇರಿದೆ.”