ಬಾಯಿ ಬಿಟ್ಟ ಕೊಂಡಿ

“ನೋಡಿ ಹೇಳು. ಅಸಲಿಯೋ, ನಕಲಿಯೋ?”

ಅತ್ತಿಗೆ ತನ್ನ ಗಂಡನ ಮೊಬೈಲನ್ನು ಮೈದುನನ ಕೈಗೆ ತುರುಕಿದಳು. ಅದರ ಗಾಜಿನ ಮೇಲೆ ಬಿಳಿ ಬಣ್ಣದ ಹೆಬ್ಬೆಟ್ಟಿನ ಗುರುತು ಇನ್ನೂ ಇತ್ತು. ಐಸಿಯು ಬಾಗಿಲಿನಾಚೆ ಅಣ್ಣ ಮಲಗಿದ್ದ; ಉಸಿರಾಡುವ ಕೆಲಸವನ್ನು ಯಂತ್ರಕ್ಕೆ ಗುತ್ತಿಗೆ ಕೊಟ್ಟಿದ್ದ. ಬದುಕುತ್ತಾನೋ ಇಲ್ಲವೋ ಈಗಲೇ ಹೇಳಲಾಗದು ಎಂದು ಡಾಕ್ಟರು ಬೆಳಿಗ್ಗೆಯೇ ಕೈ ಚೆಲ್ಲಿದ್ದರು.

ಬೆಂಚಿನ ಮೇಲೆ ಪ್ಲಾಸ್ಟಿಕ್ ಚೀಲ. ಒಳಗೆ ಕತ್ತರಿಸಿ ತೆಗೆದ ಅಂಗಿ, ಸೇಫ್ಟಿ ಬೆಲ್ಟು. ಪಟ್ಟಿ ದಪ್ಪಗಿತ್ತು, ಹೊಲಿಗೆ ನೆಟ್ಟಗಿತ್ತು, ಹೆಸರಾಂತ ಕಂಪನಿಯ ಗಿಡುಗದ ಮುದ್ರೆ ಮಿರಮಿರ ಮಿಂಚುತ್ತಿತ್ತು. ಕೊಂಡಿ ಮಾತ್ರ ಬಾಯಿ ಬಿಟ್ಟುಕೊಂಡಿತ್ತು. ಮೂರನೇ ಮಹಡಿಯ ಹೊರಗೋಡೆಗೆ ಬಣ್ಣ ಬಳಿಯುತ್ತಿದ್ದವನು ಕಾಲು ಜಾರಿದಾಗ ಅದು ಹಿಡಿಯಲಿಲ್ಲ.

“ಮೇಸ್ತ್ರಿ ಎಲ್ಲರ ಮುಂದೆ ಏನಂದ ಗೊತ್ತಾ? ‘ಅಗ್ಗಕ್ಕೆ ಆಸೆ ಬಿದ್ದ, ಅನುಭವಿಸಿದ’ ಅಂತ. ಅವರು ಕಣ್ಣು ಬಿಡಲಿ, ಬಿಡದೇ ಇರಲಿ, ಆ ಮಾತು ಅವರ ಮೇಲೆ ಉಳಿಯಬಾರದು. ತಪ್ಪು ಯಾರದ್ದು ಅಂತ ನೀನೇ ಹೇಳಬೇಕು. ನಿನ್ನ ಕೆಲಸವೇ ಅದು ತಾನೆ?”

ಅದೇ ಅವನ ಕೆಲಸ. ಆನ್‌ಲೈನ್ ಅಂಗಡಿಗಳ ತಪ್ಪು ಹಿಡಿಯುವುದು. ಅದಕ್ಕೇ ಮನೆಯಲ್ಲಿ ಅವನಿಗೆ ಭೂತಗನ್ನಡಿ ಎಂದೇ ಹೆಸರು. ಬೋರ್ಡಿಲ್ಲದ ಆಫೀಸು, ಸದಾ ಪರದೆ ಎಳೆದ ಕಿಟಕಿ. ಇಂಥ ಕೆಲಸಕ್ಕೆ ಬೋರ್ಡು ಬರೆಸಿಕೊಂಡು ಕೂರಲಾಗುತ್ತದೆಯೇ? ಬೆಲೆಯನ್ನು ಅರ್ಧಕ್ಕರ್ಧ ಇಳಿಸಿದ್ದು, ಮುದ್ರೆಯ ಅಂಚು ಮಸುಕಾದದ್ದು, ಸಾಮಾನು ವಾಪಸ್ ಕಳಿಸಲು ವಿಳಾಸವಿಲ್ಲದ್ದು, ಹತ್ತು ಜನರ ಹೊಗಳಿಕೆ ಒಬ್ಬನೇ ಬರೆದಂತಿರುವುದು: ಯಾವುದೂ ಅವನ ಕಣ್ಣು ತಪ್ಪಿಸುತ್ತಿರಲಿಲ್ಲ. ಅವನು ಬೊಟ್ಟು ಮಾಡಿದ ಅಂಗಡಿ ಮರುದಿನ ಹಾಗೇ ಉಳಿಯುತ್ತಿರಲಿಲ್ಲ.

“ನಾನು ಬಣ್ಣ ಬಳಿಯೋನು, ನನ್ನ ತಮ್ಮ ಬಣ್ಣ ಬಯಲು ಮಾಡೋನು,” ಎಂದು ಅಣ್ಣ ಸಿಕ್ಕಸಿಕ್ಕವರ ಮುಂದೆ ಕೊಚ್ಚಿಕೊಳ್ಳುತ್ತಿದ್ದ. ಭಾನುವಾರ ಊಟಕ್ಕೆ ಕೂತರೆ ತಮ್ಮನ ಮಿಮಿಕ್ರಿ ಬೇಕೇ ಬೇಕು. ಮೇಸ್ತ್ರಿ ಮೂಗಿನಲ್ಲಿ ಬೈಯುವುದು, ದೊಡ್ಡ ಕಂಪನಿಯ ದೊಡ್ಡ ಮನುಷ್ಯ ಗಂಟಲು ಸರಿಮಾಡಿಕೊಂಡು “ದಯವಿಟ್ಟು” ಎನ್ನುವುದು, ಪಕ್ಕದ ಮನೆಯ ಗೇಟು ಕಿರ್ರೋ ಎನ್ನುವುದು. ನಗು ತಡೆಯಲಾರದೆ ಅಣ್ಣನಿಗೆ ನೆತ್ತಿಗೆ ಹತ್ತುತ್ತಿತ್ತು. ಅತ್ತಿಗೆ ಬೆನ್ನಿಗೆ ಗುದ್ದಿ ನೀರು ಕುಡಿಸುತ್ತಿದ್ದಳು.

ಅಣ್ಣ ಬೆಲ್ಟು ಕೊಂಡ ಆನ್‌ಲೈನ್ ಅಂಗಡಿಯ ಪುಟ ತೆರೆಯಿತು. ಭೂತಗನ್ನಡಿ ಎರಡು ಸಲ ಬೆರಳಾಡಿಸಿದ. ಬೆರಳು ನಿಂತಿತು.

“ನಕಲಿ, ಅತ್ತಿಗೆ.”

“ಅಷ್ಟು ಬೇಗ?”

“ಮೇಲಿರೋ ವೆಬ್ ವಿಳಾಸ ನೋಡಿ. ಕಂಪನಿ ಹೆಸರಿನ ಪಕ್ಕ ಒಂದು ಅಡ್ಡಗೆರೆ ಸೇರಿಸಿದ್ದಾರೆ. ಅಸಲಿಯಲ್ಲಿ ಅದಿಲ್ಲ.”

ಅತ್ತಿಗೆ ಕಣ್ಣು ಕಿರಿದು ಮಾಡಿ ಹುಡುಕಿದಳು. ಸೊಳ್ಳೆಯ ಕಾಲಿನಷ್ಟಿತ್ತು.

“ಇದನ್ನ ಅವರು ನೋಡಬೇಕಿತ್ತಾ?”

“ಯಾರಿಗೂ ಕಾಣಲ್ಲ.”

“ನಿನಗೆ ಕಂಡಿತಲ್ಲ.”

ಅವನು ಚೀಲದ ಕಡೆ ನೋಡಿದ. ಕೊಂಡಿ ಅವನ ಕಡೆ ನೋಡುತ್ತಿತ್ತು.

“ನೀನು ಹೇಳಿಕೊಟ್ಟಿದ್ದನ್ನೆಲ್ಲ ಮಾಡಿದ್ರು ಕಣೋ,” ಎಂದಳು ಅತ್ತಿಗೆ. “ಬೆಲೆ ನೋಡಿದ್ರು. ಅಗ್ಗ ಏನೂ ಅಲ್ಲ, ಪೇಟೆಗಿಂತ ಚೂರು ಕಮ್ಮಿ. ವಾಪಸ್ ಕಳಿಸೋ ವಿಳಾಸ ಇತ್ತು. ‘ನಕಲಿ ಮಾಲಿನ ಬಗ್ಗೆ ಎಚ್ಚರ’ ಅಂತ ಆ ಪುಣ್ಯಾತ್ಮರೇ ಬರೆದುಕೊಂಡಿದ್ರು! ಆದ್ರೂ ಇವರಿಗೆ ಅನುಮಾನ. ನೀನೇ ಹೇಳಿದ್ದೆಯಲ್ಲ, ಕೊಳ್ಳೋ ಮುಂಚೆ ಫೋನ್ ಮಾಡಿ ನೋಡು, ಕಳ್ಳ ಅಂಗಡಿಯಲ್ಲಿ ಯಾರೂ ಎತ್ತಲ್ಲ ಅಂತ. ಮಾಡಿದ್ರು.”

ಅವನು ತಟ್ಟನೆ ತಲೆ ಎತ್ತಿದ. “ಫೋನ್ ಮಾಡಿದ್ನಾ?”

“ಮಾಡಿ, ಕೇಳಿಸ್ಕೊಂಡು, ಒಬ್ಬರೇ ನಗೋಕೆ ಶುರು ಮಾಡಿದ್ರು. ಕಣ್ಣಲ್ಲಿ ನೀರು ಬರೋ ಹಾಗೆ. ಏನ್ರೀ ಅಂದ್ರೆ, ‘ಭಯ ಬೇಡ ಕಣೇ, ನಮ್ಮ ಮನೆ ಅಂಗಡಿ ಇದ್ದ ಹಾಗೆ. ಭಾನುವಾರ ಭೂತಗನ್ನಡಿ ಬರಲಿ, ಕಾಲೆಳೀತೀನಿ’ ಅಂದ್ರು. ನೀನು ಕೆಲಸ ಅಂತ ಆ ಭಾನುವಾರ ಬರಲೇ ಇಲ್ಲ.”

ಅವನ ಜೇಬಿನಲ್ಲಿ ಫೋನು ನಡುಗಿತು. ಆಫೀಸಿನ ಯಜಮಾನನ ಮೆಸೇಜು. “ಹೊಸ ಅಂಗಡಿ ಬಂದಿದೆ. ಮಕ್ಕಳ ಕಾರ್ ಸೀಟು. ಸಂಜೆಯೊಳಗೆ ನೋಡಿ ತಿದ್ದಿಸಿಬಿಡು. ಒಂದು ತಪ್ಪೂ ಉಳಿಯಬಾರದು.”

“ಯಾರದು?”

“ಆಫೀಸು.”

“ಅವರಿಗೂ ಹೇಳು. ಇದನ್ನ ಮಾಡಿದವರನ್ನ ಸುಮ್ಮನೆ ಬಿಡಬಾರದು.”

“ಹ್ಞೂಂ,” ಎಂದ ಅವನು. ಫೋನನ್ನು ಕವುಚಿ ತೊಡೆಯ ಕೆಳಗಿಟ್ಟುಕೊಂಡ.

ಅತ್ತಿಗೆ ಗಂಡನ ಮೊಬೈಲು ಕಿತ್ತುಕೊಂಡಳು. ಪುಟದ ಕೆಳಗೆ ಕಂಪನಿಯ ನಂಬರಿತ್ತು.

“ಬೇಡ ಅತ್ತಿಗೆ. ಅಲ್ಲಿ ಮನುಷ್ಯರು ಯಾರೂ ಇರಲ್ಲ. ರೆಕಾರ್ಡ್ ಮಾಡಿಟ್ಟದ್ದು ಬರುತ್ತೆ, ಅಷ್ಟೆ.”

“ನಿನಗೆ ಹೇಗೆ ಗೊತ್ತು?”

“ಎಲ್ಲಾ ಕಡೆ ಹಾಗೇ.”

“ಬರಲಿ ಬಿಡು. ನನ್ನ ಗಂಡನ್ನ ನೆಲಕ್ಕೆ ಹಾಕಿದವನ ದನಿ ಹೇಗಿದೆ ಅಂತ ನಾನೂ ಒಂದ್ಸಲ ಕೇಳ್ತೀನಿ.”

ಅವನು ಕೈ ಚಾಚಿದ. ಅಷ್ಟರಲ್ಲಿ ಅವಳು ಸ್ಪೀಕರ್ ಒತ್ತಿಯಾಗಿತ್ತು. ಎರಡು ಸಲ ರಿಂಗಾಯಿತು. ಆಮೇಲೆ ಆ ಕಡೆ ಯಾರೋ ಗಂಟಲು ಸರಿಮಾಡಿಕೊಂಡರು.

“ದಯವಿಟ್ಟು ಕಾಯಿರಿ. ನಿಮ್ಮ ಸುರಕ್ಷತೆಯೇ ನಮ್ಮ ಹೊಣೆ.”

ಅತ್ತಿಗೆಯ ಮುಖ ಮೊಬೈಲಿನಿಂದ ಮೆಲ್ಲಗೆ ಮೈದುನನ ಕಡೆ ತಿರುಗಿತು.

ಭೂತಗನ್ನಡಿಯ ತುಟಿ ಬಿಗಿಯಾಗಿ ಮುಚ್ಚಿತ್ತು. ಫೋನಿನೊಳಗೆ ಮಾತ್ರ ಅವನು ಮಾತಾಡುತ್ತಲೇ ಇದ್ದ.